ಸೀಲ್ ಒಡೆಯದ ನಾಣ್ಯ

ಸಂಜೆ ಐದಕ್ಕೆ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಮೂರನೇ ಮಹಡಿಯ ನಮ್ಮ ಮನೆಯಲ್ಲಿ ಎಲ್ಲರೂ ಊಟದ ಮೇಜಿನ ಸುತ್ತ ಸೇರಿದ್ದೆವು. ಅಣ್ಣ ಅಂದು ಕೊಂಡು ತಂದ ಚಿನ್ನದ ನಾಣ್ಯವನ್ನು ಮೇಜಿನ ನಡುವೆ ಇಟ್ಟ. ಟಂಕಸಾಲೆಯಲ್ಲೇ ಪಾರದರ್ಶಕ ಡಬ್ಬಿಯೊಳಗೆ ಸೀಲ್ ಮಾಡಿದ್ದು, ಒಂದು ಗೀರೂ ಇರಲಿಲ್ಲ. "ನೀವೂ ನೋಡಿ ದೊಡ್ಡಮ್ಮ," ಎಂದು ಅತ್ತಿಗೆ ಅದನ್ನು ಮುಂದೆ ತಳ್ಳಿದಳು. ಹನ್ನೊಂದು ವರ್ಷ ನಾಣ್ಯದಂಗಡಿಯಲ್ಲಿ ದುಡಿದಿದ್ದ ದೊಡ್ಡಮ್ಮ ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡರು.

"ನನ್ನ ಕೈಗೆ ಕೊಡಬೇಡಮ್ಮ, ಅಲ್ಲೇ ಇರಲಿ. ಯಾಕೆ ಅಂತ ಹೇಳ್ತೀನಿ... ನಗೋರು ಈಗಲೇ ನಕ್ಕುಬಿಡಿ.

"ಇಂಥ ನಾಣ್ಯಕ್ಕೆ ಎರಡು ಬೆಲೆ ಕಣ್ರೋ. ಬರೀ ಚಿನ್ನದ ತೂಕಕ್ಕೆ ಒಂದು. ಹುಟ್ಟಿದ ಹಾಗೇ ಇದ್ರೆ, ಸಂಗ್ರಹ ಮಾಡೋರು ಕೊಡೋದು ಅದರ ಮೂರು ಪಟ್ಟು. ಅದಕ್ಕೇ ನಾವು ಗ್ಲೌಸ್ ಹಾಕ್ಕೊಂಡು, ಅಂಚು ಮಾತ್ರ ಹಿಡೀತಿದ್ವಿ. ಅಪ್ಪಟ ಚಿನ್ನ ಮೆತ್ತಗೆ, ಮುಖದ ಮೇಲೆ ಬೆರಳು ಬಿತ್ತೋ, ಒರೆಸಿದ್ರೆ ಗುರುತು ಹೋಗಲ್ಲ. ನಮ್ಮ ಅಂಗಡಿ ಯಜಮಾನ ಇದನ್ನೇ ಬಂಡವಾಳ ಮಾಡ್ಕೊಂಡಿದ್ದ. ಮಾರೋಕೆ ಬಂದೋರು ಅಮಾಯಕರು ಅನ್ನಿಸಿದ್ರೆ, ನನ್ನ ಕಡೆ ನೋಡಿ ಕನ್ನಡಕ ತೆಗೀತಿದ್ದ. ಅಷ್ಟೇ. ನಾನು ತೂಕಕ್ಕೆ ಅಂತ ಒಳಗೆ ತಗೊಂಡು ಹೋಗಿ, ಗ್ಲೌಸ್ ಕಳಚಿ, ಹೆಬ್ಬೆಟ್ಟು ಒತ್ತಿ ತರ್ತಿದ್ದೆ. ಅವನು ತೂಕದ ಬೆಲೆಗೆ ಕೊಂಡು, ತನಗೆ ಮಾತ್ರ ಗೊತ್ತಿದ್ದ ಮದ್ದಲ್ಲಿ ಗುರುತು ತೆಗೆದು, ಮೂರು ಪಟ್ಟಿಗೆ ಮಾರ್ತಿದ್ದ. ಹೊಟ್ಟೆಪಾಡು ಅಂತ ನನಗೆ ನಾನೇ ಹೇಳ್ಕೊಂಡೆ. ಹೊಟ್ಟೆ ಏನು, ಯಾರು ಏನು ಹೇಳಿದ್ರೂ ಹೂಂ ಅನ್ನತ್ತೆ.

"ಒಂದಿನ ಬಟ್ಟೆ ಹೊಲಿಯೋಳು ಒಬ್ಬಳು ಬಂದ್ಲು. ಹೊಲಿಗೆಯಿಂದ ಎದ್ದು ನೇರ ಬಂದಿದ್ಲು, ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕೋ ಲೋಹದ ಟೊಪ್ಪಿ ಹಾಗೇ ಇತ್ತು. ಅವಳಮ್ಮ ಬಿಟ್ಟುಹೋದ ಒಂದೇ ಒಂದು ನಾಣ್ಯ. ಎದೆಯ ಆಪರೇಷನ್ನಿಗೆ ಮಾರ್ತಿದ್ಲು, ಅವಳದೇ ಎದೆ. ಗಾಜಿನ ಕೌಂಟರ್ ಮೇಲೆ ಟಿಣ್... ಟಿಣ್... ಅಂತ ಬೆರಳು ಕುಟ್ಟುತ್ತ ಕೂತಿದ್ಲು. ಯಜಮಾನ ಕನ್ನಡಕ ತೆಗೆದ. ನಾನೇನು ಮಾಡ್ದೆ? ಒಳಗೆ ಹೋದೆ... ಒತ್ತಿದೆ. ಅವತ್ತು ಮಾತ್ರ ಗ್ಲೌಸ್ ಮತ್ತೆ ಹಾಕ್ಕೊಳ್ಳೋದು ಮರೆತುಹೋಯ್ತು.

"'ಬೆರಳಿನ ಗುರುತಿದೆಯಲ್ಲಮ್ಮ, ತೂಕದ ಬೆಲೆ ಅಷ್ಟೇ' ಅಂದ ಯಜಮಾನ. ಅವಳು ಜಗಳ ಆಡ್ಲಿಲ್ಲ. ನಾಣ್ಯ ನೋಡಿದ್ಲು, ನನ್ನ ಬರಿಗೈ ನೋಡಿದ್ಲು. ನಾನು ಚಿಕ್ಕವಳಿದ್ದಾಗ ಕತ್ತರಿ ತಾಗಿ ಹೆಬ್ಬೆಟ್ಟಿಗೆ ಓರೆ ಗಾಯ ಆಗಿತ್ತಲ್ಲ, ನಾಣ್ಯದ ಮೇಲೂ ಅದೇ ಓರೆ ಗೆರೆ. ಕೊಟ್ಟಷ್ಟು ತಗೊಂಡು, 'ಗುರುತು ನಿಂದು, ನೀನೇ ಇಟ್ಕೊ' ಅಂದು ಹೋದ್ಲು. ಆ ದುಡ್ಡು ಸಾಲಲಿಲ್ಲ. ತಿಂಗಳು ತುಂಬೋದ್ರೊಳಗೆ ತೀರಿಕೊಂಡ್ಲು.

"ಅವಳು ಸತ್ತ ಮಾರನೇ ದಿನ, ಹಾಡುಹಗಲು, ಅಂಗಡಿ ತುಂಬ ಗಿರಾಕಿಗಳು... ಕೌಂಟರ್ ಮೇಲೆ ಟಿಣ್, ಟಿಣ್. ತಲೆ ಎತ್ತಿದ್ರೆ ಕುರ್ಚಿ ಖಾಲಿ. ಗಾಜಿನ ಕೆಳಗೆ ಆಗ ತಾನೇ ಬಂದ, ಸೀಲ್ ಒಡೆಯದ ನಾಣ್ಯ. ಡಬ್ಬಿಯೊಳಗೆ, ಚಿನ್ನದ ಮೇಲೆ, ನನ್ನ ಹೆಬ್ಬೆಟ್ಟು. ಆಮೇಲೆ ಒಂದಾದ ಮೇಲೊಂದು, ಲೆಕ್ಕವೇ ಇಲ್ಲ. ಯಜಮಾನ ಬೈದ, ಕರಗಿಸಿದ, ಹೊಸದು ತರಿಸಿದ. ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ನೇ ಅಂದ್ರಾ? ವರ್ಷದೊಳಗೆ ಅಂಗಡಿಗೆ ಬೀಗ ಬಿತ್ತು. ಅವನು ಅಷ್ಟಕ್ಕೇ ಬಚಾವಾದ. ನಾನು? ಒಂದೊಂದು ಗುರುತು ಬಿದ್ದಾಗಲೂ ಇಲ್ಲಿ, ಈ ಹೆಬ್ಬೆಟ್ಟಲ್ಲಿ, ಒಂದೊಂದು ಗೆರೆ ಅಳಿಸಿಹೋಯ್ತು. ಪಾಪ ಮಾಡಿದೆ ಕಣ್ರೋ, ಗೊತ್ತಿದ್ದೇ ಮಾಡಿದೆ."

ದೊಡ್ಡಮ್ಮ ಬಲಗೈ ಹೊರತೆಗೆದು ದೀಪಕ್ಕೆ ಹಿಡಿದರು. ಹೆಬ್ಬೆಟ್ಟು ಹೊಳೆಯ ಕಲ್ಲಿನಂತೆ ನುಣುಪಾಗಿತ್ತು. ಓರೆ ಗಾಯದ ಪಕ್ಕದಲ್ಲಿ ಮೂರು ಗೆರೆಗಳು ಮಾತ್ರ ಉಳಿದಿದ್ದವು.

"ಇವೂ ಮುಗಿದ ಮೇಲೆ ಅವಳು ಏನು ಕೇಳ್ತಾಳೋ... ಗೊತ್ತಿಲ್ಲ."

ಕಿಟಕಿಯ ಗಾಜಿನ ಮೇಲೆ ಟಿಣ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. "ಮಳೆ," ಎಂದ ಅಣ್ಣ, ಯಾರೂ ಕೇಳದಿದ್ದರೂ. ಅತ್ತಿಗೆ ಮೇಜಿನ ಮೇಲಿದ್ದ ಡಬ್ಬಿಯನ್ನೇ ನೋಡುತ್ತ ಮೆಲ್ಲಗೆ ಕುರ್ಚಿ ಹಿಂದಕ್ಕೆ ಸರಿಸಿದಳು.

ದೊಡ್ಡಮ್ಮ ಅತ್ತ ನೋಡಲಿಲ್ಲ. ತಮ್ಮ ಹೆಬ್ಬೆಟ್ಟನ್ನೇ ನೋಡಿಕೊಳ್ಳುತ್ತಿದ್ದರು.

"ಆ ನಾಣ್ಯದ ಮೇಲೆ ಓರೆ ಗೆರೆ ಇದೆಯಾ ನೋಡಮ್ಮ... ನಾನಂತೂ ಮುಟ್ಟಲಿಲ್ಲ. ನೀವೆಲ್ಲ ಇಲ್ಲೇ ಕೂತಿದ್ರಲ್ಲ. ಇಲ್ಲಿ ಈಗ ಎರಡೇ ಗೆರೆ ಇದೆ."