ಹೊಳೆ ಕಲಿಸಿದವರು

ಬಸ್ಸಿನ ಸಾಲಿನಲ್ಲಿ ಮೊದಲು ನಿಂತಿದ್ದ ದರ್ಜಿಗೆ ಬೆನ್ನ ಹಿಂದಿನ ಮಾತು ಕೇಳಿಸುತ್ತಿತ್ತು. ಒಬ್ಬರು ಪಕ್ಕದೂರಿನ ವಯಸ್ಸಾದ ಕ್ಷೌರಿಕ. ಇನ್ನೊಬ್ಬಳು, ಅದೇ ಊರಿನಲ್ಲಿ ಹೋದ ವಾರ ತೀರಿಕೊಂಡ, ಎಲ್ಲರೂ ಮಿಲ್ಟ್ರಿ ಮಾಮ ಅನ್ನುತ್ತಿದ್ದ ಮಾಜಿ ಸೈನಿಕರ ಮಗಳು.

"ನಿಮ್ಮಪ್ಪ ಯುದ್ಧದಲ್ಲಿ ಕಾಲು ಕಳ್ಕೊಂಡು ಬಂದಾಗ, ಇನ್ನು ಮೂಲೆ ಹಿಡೀತಾರೆ ಅಂತ ಊರವರೆಲ್ಲ ಅಂದ್ಕೊಂಡಿದ್ರು ಕಣಮ್ಮ."

"ಅಪ್ಪ ಸುಮ್ನೆ ಕೂರೋ ಆಸಾಮಿನಾ ಮಾವ?"

"ಅದೇ ವರ್ಷ ಹೊಳೆ ನನ್ನ ತಮ್ಮನ್ನ ನುಂಗ್ತು. ನಿಮ್ಮಪ್ಪ ಊರುಗೋಲು ದಡದಲ್ಲಿಟ್ಟು ನೀರಿಗಿಳಿದ್ರು. ಊರ ಮಕ್ಕಳಿಗೆಲ್ಲ ಈಜು ಕಲಿಸ್ತೀನಿ ಅಂದ್ರು."

"ಜನ ನಕ್ಕರಂತೆ."

"ನಕ್ರು. ನಮ್ಮಮ್ಮ ಮಾತ್ರ ನನ್ನ ಕೈಹಿಡ್ಕೊಂಡು ಹೋಗಿ, 'ಉಳಿದಿರೋನು ಇವನೊಬ್ಬ, ನಿಮಗೆ ಒಪ್ಪಿಸಿದೀನಿ' ಅಂದ್ಳು."

"ಮೊದಲನೇ ಶಿಷ್ಯ ನೀವೇ ಅಂತ ಅಪ್ಪ ಹೇಳ್ತಾನೇ ಇದ್ರು."

"ಆವತ್ತಿಂದ ಇವತ್ತಿನವರೆಗೂ ಆ ಹೊಳೆಗೆ ನಮ್ಮೂರಿನ ಒಂದು ಜೀವಾನೂ ಹೋಗಿಲ್ಲ." ಮುದುಕರ ದನಿ ತಗ್ಗಿತು. "ಇನ್ನು ಮಕ್ಕಳಿಗೆ ಯಾರಮ್ಮ ಗತಿ?"

"ಇವತ್ತು ಬೆಳಗ್ಗೆ ಮಕ್ಕಳು ದಡದಲ್ಲಿ ಕಾಯ್ತಾ ನಿಂತಿದ್ರು ಮಾವ. ನಾನೇ ನೀರಿಗಿಳಿದೆ."

ಅಷ್ಟರಲ್ಲಿ ಬಸ್ಸು ಬಂತು. ಮುದುಕರು ಅವಳ ಚೀಲವನ್ನು ತಾವೇ ಎತ್ತಿಕೊಂಡು ದರ್ಜಿಯ ಭುಜ ಮುಟ್ಟಿದರು.

"ಸ್ವಲ್ಪ ದಾರಿ ಬಿಡಪ್ಪ. ನಮ್ಮೂರ ಮೇಷ್ಟ್ರು ಹತ್ತಲಿ."

ದರ್ಜಿ ಪಕ್ಕಕ್ಕೆ ಸರಿದು, ಅವಳನ್ನು ಮೊದಲು ಹತ್ತಗೊಟ್ಟ.