ಯಾರದೂ ಅಲ್ಲದ ಚುಕ್ಕಿ

ದೀಪ ಸಣ್ಣದು ಮಾಡಿ, ಆದರೆ ಆರಿಸಬೇಡಿ... ಇದು ಯಾರೋ ಹೇಳಿದ ಅಂತೆಕಂತೆ ಅಲ್ಲ. ನಮ್ಮ ಚಿಕ್ಕಮ್ಮನ ಮಗಳು ಪುಟ್ಟಕ್ಕನಿಗೇ ಆಗಿದ್ದು.

ಆವತ್ತು ರಾತ್ರಿ ಅವಳು ಆಸ್ಪತ್ರೆಯ ವಾರ್ಡಿನಿಂದ ಹಿಂದಿನ ಕಟ್ಟಡಕ್ಕೆ ಒಬ್ಬಳೇ ನಡೆದು ಹೋಗ್ತಿದ್ದಳು. ನಡುವೆ ಒಂದು ಹಾಳುಬಾವಿ. ಮೇಲೆ ಕಬ್ಬಿಣದ ಜಾಲರಿ. ಗಾಳಿಗೆ ಅದರ ಕೊಂಡಿ ಕಿಣಿ... ಕಿಣಿ... ಅನ್ನುತ್ತಿತ್ತು. ಬಾವಿಕಟ್ಟೆ ಮೇಲೆ ಒಬ್ಬ ಹೆಂಗಸು ಮುಸುಕು ಹೊದ್ದು, ಮಡಿಲಲ್ಲಿ ನೀಲಿ ಉಣ್ಣೆಯ ಉಂಡೆ ಇಟ್ಟುಕೊಂಡು ಕೂತಿದ್ದಳು.

"ಇನ್ನೂ ಮುಗೀಲಿಲ್ವಾ ಮಗಳೇ?"

"ಇಲ್ಲಮ್ಮಾ... ಈಗ ಹೋಗಿ ಕೂತ್ಕೋಬೇಕು."

ಯಾರೋ ರೋಗಿಯ ಕಡೆಯವರು ಅಂದುಕೊಂಡು ಪುಟ್ಟಕ್ಕ ಮುಂದೆ ಹೋದಳು. ನನ್ನ ಕೆಲಸ ಇವರಿಗೆ ಹೇಗೆ ಗೊತ್ತು ಅಂತ ಕೇಳೋಕೂ ತೋಚಲಿಲ್ಲ. ತೋಚೋ ಸ್ಥಿತಿ ಎಲ್ಲಿತ್ತು? ಅವಳ ಒಬ್ಬನೇ ತಮ್ಮ ಅದೇ ವಾರ್ಡಿನಲ್ಲಿ ಜ್ವರದಲ್ಲಿ ಬೇಯುತ್ತಿದ್ದ. ಎಲುಬಿನ ಹಂದರ ಆಗಿಹೋಗಿದ್ದ.

ಪುಟ್ಟಕ್ಕನ ಕೆಲಸ ಅಂದರೆ ರೋಗಿಗಳ ರಕ್ತದ ವರದಿಗಳನ್ನ ಕಂಪ್ಯೂಟರಿಗೆ ತುಂಬಿ, ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದು, ಆ ಅಂಕಿಗಳ ಗ್ರಾಫ್ ಚಿತ್ರ ತೆಗೆಯೋದು. ಪೈಥಾನ್ ಅಂದರೆ ಹೆಬ್ಬಾವು ಅಂತ ಯಾರೋ ಹೇಳಿ, ನಮ್ಮಜ್ಜಿ "ಬಿಟ್ಟುಬಿಡೇ ಆ ಕೆಲಸ" ಅಂತ ಅತ್ತಿದ್ದರು. ಆವತ್ತು ದೊಡ್ಡ ಡಾಕ್ಟರು ಹೇಳಿದ್ದು ಇಷ್ಟೇ: "ಈ ಜ್ವರದ ಹೊಸ ಔಷಧಿ ಜಾಸ್ತಿ ಮಾಡಿದ್ರೆ ಕಿಡ್ನಿಗೆ ಪೆಟ್ಟು ಬೀಳತ್ತಾ? ಬೆಳಿಗ್ಗೆ ಚಿತ್ರ ಬೇಕು. ಬೀಳಲ್ಲ ಅಂದ್ರೆ ನಾಳೆಯೇ ಜಾಸ್ತಿ ಮಾಡೋಣ. ನಿಮ್ಮ ತಮ್ಮನಿಗೂ."

ಮುಳುಗುವವರಿಗೆ ಹುಲ್ಲುಕಡ್ಡಿ ಸಿಕ್ಕಂಗಾಯ್ತು.

ಹಿಂದಿನ ಕಟ್ಟಡದ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತಳು. ಪ್ರೋಗ್ರಾಮ್ ಓಡಿಸಿದಳು. ಒಬ್ಬೊಬ್ಬ ರೋಗಿಗೆ ಒಂದೊಂದು ಚುಕ್ಕಿ. ಬಲಕ್ಕೆ ಹೋದಷ್ಟೂ ಔಷಧಿ ಹೆಚ್ಚು, ಮೇಲಕ್ಕೆ ಹೋದಷ್ಟೂ ಕಿಡ್ನಿ ಗಟ್ಟಿ. ಚುಕ್ಕಿಗಳ ನಡುವೆ ಒಂದು ಗೆರೆ. ಆ ಗೆರೆಯನ್ನ ಎಷ್ಟು ನಂಬಬಹುದು ಅಂತ ತೋರಿಸೋ ಬೂದು ಪಟ್ಟಿ. ಮೂಲೆಯಲ್ಲಿ ಅಂಕಿಗಳು: ಔಷಧಿಗೂ ಕಿಡ್ನಿಗೂ ಎಷ್ಟು ನಂಟು ಅನ್ನೋ ಆರ್, ಆ ನಂಟು ಬರೀ ಆಕಸ್ಮಿಕವೋ ಏನೋ ಅನ್ನೋ ಪಿ, ಆಮೇಲೆ ರೋಗಿಗಳೆಷ್ಟು ಅನ್ನೋದು.

ಗೆರೆ ಅಡ್ಡಕ್ಕೆ ತೆಪ್ಪಗೆ ಮಲಗಿತ್ತು. ಆರ್ ಹತ್ತಿರಹತ್ತಿರ ಸೊನ್ನೆ. ಅಂದರೆ ಔಷಧಿಯಿಂದ ಕಿಡ್ನಿಗೆ ಏನೂ ಆಗ್ತಿಲ್ಲ. ಪುಟ್ಟಕ್ಕ ಎದೆ ತುಂಬ ಉಸಿರು ಬಿಟ್ಟಳು. ಅಕ್ಷರ ಸ್ವಲ್ಪ ದಪ್ಪ ಇರಲಿ ಅಂತ ಇನ್ನೊಂದು ಸಲ ಓಡಿಸಿದಳು.

ಬಲಗಡೆ... ಕೆಳಗೆ... ಒಂದು ಚುಕ್ಕಿ.

ಒಂಟಿ. ಎಲ್ಲರಿಂದ ದೂರ. ಅದರ ಭಾರಕ್ಕೆ ಗೆರೆಯೇ ಇಳಿಜಾರಾಗಿತ್ತು. ರೋಗಿಗಳ ಸಂಖ್ಯೆ ಒಂದು ಜಾಸ್ತಿ. ರೋಗಿಗಳ ಹೆಸರಿನ ಪಟ್ಟಿಯಲ್ಲಿ ಸಾಲು ಸಾಲಿಗೂ ಬೆರಳಿಟ್ಟು ಹುಡುಕಿದಳು. ಇಲ್ಲ. ಅಷ್ಟು ಔಷಧಿ ಇನ್ನೂ ಯಾರಿಗೂ ಕೊಟ್ಟೇ ಇರಲಿಲ್ಲ!

ಆ ಚುಕ್ಕಿ ಬಿಟ್ಟುಬಿಡು ಅಂತ ಪ್ರೋಗ್ರಾಮಿಗೆ ಬರೆದಳು. ಓಡಿಸಿದಳು... ಇದೆ. ಎಲ್ಲಾ ಅಳಿಸಿ ಮೊದಲಿಂದ ಬರೆದಳು. ಮೇಲೆ ಗರಗರ ಅಂತಿದ್ದ ಫ್ಯಾನು ಟಕ್ ಅಂತ ನಿಂತಿತು. ಇದೆ.

"ಹೋಗೋ..." ಪುಟ್ಟಕ್ಕ ಪರದೆಗೆ ಕೈ ಮುಗಿದಳು. "ನಿನ್ನ ದಮ್ಮಯ್ಯ ಅಂತೀನಿ... ನನ್ನ ತಮ್ಮ ಬದುಕಬೇಕು... ಹೋಗು..."

ಕಿಟಕಿಯ ಆಚೆಯಿಂದ ಪಿಸುಮಾತು.

"ತೆಗೀಬೇಡ ಮಗಳೇ..."

"ಯಾ... ಯಾರು?"

"ಅವನಿಗೆ ಜಾಸ್ತಿ ಕೊಡಬೇಡಿ..."

ಕಿಟಕಿ ತೆರೆದಳು. ಯಾರೂ ಇಲ್ಲ. ಇರೋದಾದರೂ ಹೇಗೆ? ಅದು ಮೂರನೇ ಮಹಡಿ.

ಬೆಳಿಗ್ಗೆ "ಜಾಸ್ತಿ ಮಾಡೋದು ಬೇಡ ಸಾರ್" ಅನ್ನುತ್ತಾ ಡಾಕ್ಟರ ಮುಂದೆ ಚಿತ್ರ ತೆರೆದರೆ, ಚುಕ್ಕಿ ಮಾಯ. ಗೆರೆ ಮತ್ತೆ ತೆಪ್ಪಗೆ ಮಲಗಿದೆ.

"ಚೆನ್ನಾಗೇ ಇದ್ಯಲ್ಲಮ್ಮಾ! ಮತ್ಯಾಕೆ ಬೇಡ ಅಂತೀರಿ?"

"ನನ್ನ ತಮ್ಮನಿಗೆ ಬೇಡ ಸಾರ್" ಅಂದಳು. ಅಷ್ಟೇ. ಒಪ್ಪಿಗೆ ಪತ್ರಕ್ಕೆ ರುಜು ಹಾಕಲಿಲ್ಲ. ಚಿಕ್ಕಮ್ಮ ಅವಳ ಕಾಲು ಹಿಡಿದರು. "ನಿನ್ನ ಕೈಯಾರೆ ಕೊಲ್ತೀಯೇನೇ?" ಅಂತ ಎದೆ ಬಡಿದುಕೊಂಡರು. ತಮ್ಮ ಗೋಡೆಗೆ ಮುಖ ತಿರುಗಿಸಿಕೊಂಡ.

ಪಕ್ಕದ ಮಂಚದಲ್ಲಿ ಒಬ್ಬ ಬಡಗಿ ಇದ್ದ. ಮೈ ಸುಡ್ತಿದ್ದರೂ ತಮಾಷೆ ಬಿಡದ ಮನುಷ್ಯ. "ಅವರ ಪಾಲೂ ನಂಗೇ ಕೊಡಿ ಸಾರ್, ಬೇಗ ಎದ್ದು ಈ ಮಂಚದ ಕಾಲು ರಿಪೇರಿ ಮಾಡ್ತೀನಿ, ರಾತ್ರಿಯೆಲ್ಲಾ ಕುಂಟತ್ತೆ" ಅಂದ. ನರ್ಸು ಸೂಜಿ ಚುಚ್ಚುವಾಗ ಪುಟ್ಟಕ್ಕ ಅಲ್ಲೇ ನಿಂತಿದ್ದಳು. ಬೇಡ ಅನ್ನೋಕೆ ಬಾಯಿ ತೆರೆದಳು... ಆಮೇಲೆ ಈಚೆ ತಿರುಗಿ ತಮ್ಮನ ಹೊದಿಕೆ ಸರಿಮಾಡಿದಳು. ತನ್ನ ತಮ್ಮ ಉಳಿದರೆ ಸಾಕು ಅನ್ನೋ ಮನಸ್ಸು.

ಬಡಗಿಗೆ ಮೊದಲು ಮೂತ್ರ ನಿಂತಿತು. ಆಮೇಲೆ ಮಾತು ನಿಂತಿತು. ವಾರದೊಳಗೆ ಮಂಚ ಖಾಲಿ.

ಅವನ ಅಂಕಿಗಳನ್ನ ತುಂಬಿದ್ದೂ ಪುಟ್ಟಕ್ಕನೇ. ಬಲಗಡೆ, ಕೆಳಗೆ... ಚುಕ್ಕಿ ಅಲ್ಲೇ ಬಂದು ಕೂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆ ಚುಕ್ಕಿ ತಮ್ಮನದಾಗಿರಲೇ ಇಲ್ಲ. ಕಿಟಕಿಯಾಚೆಯ ದನಿ 'ಅವನಿಗೆ' ಅಂದಿದ್ದು ಈ ಬಡಗಿಯನ್ನ. ಮೇಜಿಗೆ ತಲೆ ಚಚ್ಚಿಕೊಂಡು ಅತ್ತಳಂತೆ. ಚಿತ್ರ ನೋಡಿದ ಡಾಕ್ಟರು ಔಷಧಿ ನಿಲ್ಲಿಸಿದರು. ತಮ್ಮ ತಿಂಗಳುಗಟ್ಟಲೆ ನರಳಿ, ಅಂತೂ ಎದ್ದು ಕೂತ.

ಬಡಗಿಯ ಮನೆಯವರ ಕಾಲಿಗಾದರೂ ಬೀಳೋಣ ಅಂತ ಪುಟ್ಟಕ್ಕ ವಾರ್ಡಿಗೆ ಹೋಗಿ ವಿಳಾಸ ಕೇಳಿದಳು.

"ಅವ್ರಿಗೆ ಯಾರೂ ಇಲ್ವಲ್ಲಾ" ಅಂದಳು ನರ್ಸು. "ತಾಯಿ ಅವ್ರು ಕೂಸಾಗಿದ್ದಾಗ್ಲೇ ತೀರಿಕೊಂಡ್ರಂತೆ. ನೋಡೋಕೆ ಅಂತ ಒಬ್ರೂ ಬಂದಿಲ್ಲ. ಆದ್ರೆ..."

ಕಪಾಟಿನಿಂದ ಒಂದು ಸ್ವೆಟರು ತೆಗೆದಳು.

"ಇದು ಅವ್ರ ಮಂಚದ ಕೆಳಗಿತ್ತು. ಬಂದ ದಿನ ಅಂಗೈಯಷ್ಟೇ ಇತ್ತು. ದಿನಾ ಗುಡಿಸುವಾಗ ನೋಡ್ತಿದ್ವಿ... ಒಂದೊಂದು ಗೇಣು ಜಾಸ್ತಿ ಆಗ್ತಿತ್ತು. ಯಾರು ಹೆಣೀತಿದ್ರೋ..."

ನಂಬದವರು ಬಿಡಿ, ನನಗೇನೂ ನಷ್ಟವಿಲ್ಲ. ಆ ಸ್ವೆಟರು ಈಗಲೂ ಪುಟ್ಟಕ್ಕನ ಮನೆಯಲ್ಲಿದೆ. ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ನೀಲಿ ಉಣ್ಣೆ. ಗಂಡಸಿನ ಅಳತೆ. ಎಡಗಡೆಯ ತೋಳು ಮೊಣಕೈವರೆಗೆ ಮಾತ್ರ ಇದೆ.