ಕಿತ್ತ ಲೈನಿನ ಗಂಟೆ

ಗಂಗಾವತಿ ಕಡೆಯ ಆ ಕಾಲುವೆ ಕಚೇರಿಯಲ್ಲಿ ಮಳೆಗೆ ಕರೆಂಟು ಹೋಗಿತ್ತು. ಮನೆಗೆ ಹೋಗಲಾಗದೆ ಉಳಿದವರು ಸಂಜೆಯ ಮಬ್ಬಿನಲ್ಲಿ ಟೆಲಿಫೋನ್ ಕೋಣೆಗೆ ಬಂದು ಕೂತಿದ್ದರು. ಗೇಟುಗಳ ಫೋನ್ ಲೈನು ಕೂಡಿಸುವ ಹಳೆಯ ಬೋರ್ಡು ಕೆಟ್ಟಾಗಲೆಲ್ಲ ಕರೆಸುವ ನಿವೃತ್ತ ಲೈನ್‌ಮನ್ ಹನುಮಂತಪ್ಪನೂ ಇದ್ದ. ಹೊಸದಾಗಿ ಬಂದ ಆಪರೇಟರ್ ಅನ್ನಪೂರ್ಣ ಬೋರ್ಡಿನ ಒಂದು ಮೂಲೆ ತೋರಿಸಿ ಕೇಳಿದಳು.

"ಹಳ್ಳದ ಗೇಟು ಅಂತ ಬರದೈತಲ್ರಿ ಅಜ್ಜಾರ, ಅಲ್ಲಿಂದ ಯಾರೂ ಮಾತಾಡಂಗಿಲ್ಲಲ್ಲ?"

ಮುದುಕ ಚಹಾದ ಬಸಿ ಕೆಳಗಿಟ್ಟ.

"ಆ ಹೆಸರು ಈ ಕೋಣ್ಯಾಗ ಜೋರಾಗಿ ಅನಬ್ಯಾಡವಾ... ಕೇಳ್ರಿ. ಮೊದ್ಲ ಈ ಕುರ್ಚಿ ಮ್ಯಾಲ ಇಮಾಮಬಾನು ಕುಂದರ್ತಿದ್ಲು. ಎಲ್ಲಾರ ಕಿಸೇದಾಗೂ ಮೊಬೈಲ್ ಬಂದಿದ್ವು, ಆದ್ರ ಮಳಿ ಹತ್ತಿತಂದ್ರ ಕಾಲುವಿ ಗುಂಟ ಸಿಗ್ನಲ್ ಎಲ್ಲಿ ಸಿಗತೈತಿ? ಅದಕ್ಕ ಈ ಮುದಿ ಬೋರ್ಡು ಉಳೀತು. ಸಾಮಾನು ಸಿಗಂಗಿಲ್ಲ, ನನ್ನ ಬಿಟ್ರ ರಿಪೇರಿ ಮಾಡೋರಿಲ್ಲ. ಆಕೀನ ಕಡ್ಡಿಗೆ ಹತ್ತಿ ಸುತ್ತಿ ಬೋರ್ಡಿನ ಒಂದೊಂದ ತೂತು ಒರಸ್ತಿದ್ಲು, ಕೂಸಿನ ಕಿವಿ ಒರಸಿದಂಗ.

ಕಾಲುವಿಗೆ ನೀರು ಹೆಚ್ಚಾದ್ರ ಹಳ್ಳಕ್ಕ ಬಿಡೋದು ಈ ಹಳ್ಳದ ಗೇಟು; ಅದನ್ನ ಕಾಯಾಕ ವಿರುಪಾಕ್ಷಿ ಇದ್ದ. ಸಾಹೇಬ್ರ ಹುಕುಂ ಇಲ್ಲದ ಗೇಟ್ ಎತ್ತಂಗಿಲ್ಲ, ಅದು ಕಾಯ್ದೆ. ಒಂದು ದೊಡ್ಡ ಮಳಿಯಾಗ ಫೋನ್ ಮಾಡಿದ: 'ಅಕ್ಕಾರ, ನೀರು ಏರಾಕತ್ತೈತ್ರಿ, ಗೇಟ್ ಎತ್ತಲೇನ್ರಿ?' ಸಾಹೇಬ್ರು ಫೋನ್ ಎತ್ತವಲ್ರು. ಆಕಿ 'ತಡೀ ತಮ್ಮಾ, ಕೇಳಿ ಹೇಳ್ತೀನಿ' ಅಂದ್ಲು. ಅವ ತಡದ... ಫೋನ್ ಹಿಡಕೊಂಡ ತಡದ. ಕಾಲುವಿ ದಂಡಿ ಒಡದು, ಗೇಟಿನ ಕೋಣಿ ಸಮೇತ ಕೊಚ್ಚಿ ಹೋದ. ಹೆಣಾನೂ ಸಿಗಲಿಲ್ಲ.

ಆಮ್ಯಾಲ ಕಾಲುವಿ ದಂಡಿ ಕಟ್ಟಿ, ಗೇಟಿಗೆ ವೆಲ್ಡಿಂಗ್ ಹೊಡದು ಬಂದ್ ಮಾಡಿದ್ರು. ವಾಯರ್ ನಾನ ಕಿತ್ತಿದ್ನಿ, ಈ ಕೈಲೆ ಸುತ್ತಿ ಗೋದಾಮಿಗೆ ಒಗದಿದ್ನಿ... ವಾಯರ್ ಇಲ್ಲದ ಲೈನಿನ ಗಂಟಿ ಹೆಂಗ ಬಡಕೊಂತೈತಿ, ಹೇಳ್ರಿ?

ಬಡಕೊಂತು. ಮರು ಮಳಿಗಾಲ, ಇಂಥಾದ್ದ ಸಂಜಿ. ನಾ ಇಲ್ಲೇ ಇದ್ನಿ. ಇಮಾಮಬಾನು ಎತ್ತಿದ್ಲು, ಆಕಿ ಮಾರಿ ಸುಣ್ಣ ಬಳದಂಗಾತು. ನೀರಿನ ಸಪ್ಪಳ ನನಗೂ ಕೇಳಿಸ್ತು... 'ಅಕ್ಕಾರ, ಇನ್ನೂ ತಡೀಲೇನ್ರಿ?'"

ತಗಡಿನ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿತ್ತು. ಅನ್ನಪೂರ್ಣ ತನಗರಿವಿಲ್ಲದೆ ಕುರ್ಚಿಯ ಅಂಚಿಗೆ ಸರಿದಿದ್ದಳು.

"ಆಕಿ ಯಾರನ್ನೂ ಕೇಳಲಿಲ್ಲ. 'ಬ್ಯಾಡೋ ತಮ್ಮಾ, ಗೇಟ್ ಎತ್ತು, ಎತ್ತಿ ನನ್ನ ಕಡೆ ಬಾ' ಅಂತ ಒದರಿದ್ಲು. ಲೈನು ಬಂದ್ ಆತು. ಮುಂಜಾನೆ ಹೋಗಿ ನೋಡ್ತೀವಿ, ವೆಲ್ಡಿಂಗ್ ಹರಕೊಂಡು ಗೇಟ್ ಮ್ಯಾಲ ಎದ್ದು ನಿಂತಿತ್ತು! ತಗ್ಗಿನ ಓಣಿ ಮುಣಗಸಬೇಕಾದ ನೀರು ಹಳ್ಳಕ್ಕ ಹರದಿತ್ತು. 'ಹುಕುಂ ಯಾರು ಕೊಟ್ರು?' ಅಂತ ಸಾಹೇಬ್ರು ಹಾರಾಡಿದ್ರು. 'ನಾನ ಕೊಟ್ಟೀನ್ರಿ' ಅಂದ್ಲು. 'ಯಾರಿಗೆ?' ಅಂದ್ರು. ವಿರುಪಾಕ್ಷಿ ಹೆಸರು ಹೇಳಿದ್ಲು... ತಲಿ ಕೆಟ್ಟೈತಿ ಅಂತ ಮನಿಗೆ ಕಳಿಸಿದ್ರು. ಸಾಯೋತನಕ ಮಳಿ ಬಂದ್ರ ಬಾಗಲಾ ತಗದು ಕುಂದರ್ತಿದ್ಲು. 'ಬಾ ಅಂದೀನಿ ಹನುಮಂತಣ್ಣ, ಬರತಾನ' ಅಂತಿದ್ಲು."

"ಬಂದನೇನ್ರಿ?" ಅನ್ನಪೂರ್ಣಳ ದನಿ ಕೇಳಿಸಿದ್ದೇ ಕಷ್ಟ.

"ಆಕಿ ಮನಿ ಅವಗೇನು ಗೊತ್ತವಾ? ಆಕಿ ಮಾತಾಡ್ತಿದ್ದ ಜಾಗ ಒಂದ ಗೊತ್ತು... ನಾಳೆ ಬೆಳಕು ಹರದ ಮ್ಯಾಲ ಈ ಬಾಗಲ ಮುಂದ ನೋಡ್ರಿ. ದೊಡ್ಡ ಮಳಿ ಆದಾಗೊಮ್ಮೆ ಕೆಸರಿನ ಹೆಜ್ಜಿ ಮೂಡಿರ್ತಾವ. ಒಳಗ ಬಂದವು ಅಷ್ಟ... ಹೊರಗ ಹೋದವು ನಾ ಇನ್ನೂತನಕ ಕಂಡಿಲ್ಲ."